ಥೈರಾಕ್ಸಿನ್: ‘ನೈಸರ್ಗಿಕ’ ಎಂಬ ವಿಶೇಷಣದ ವಿಮರ್ಶೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಬೆಳಗ್ಗೆ ಎದ್ದೊಡನೆ ಬರಿಹೊಟ್ಟೆಗೆ ಒಂದು ಪುಟ್ಟ ಮಾತ್ರೆ ನುಂಗುವವರು ಈಗ ಅಪರೂಪವಲ್ಲ. ಅವರಲ್ಲಿ ಹೆಚ್ಚಿನವರು ಹೆಂಗಸರು. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸ್ರವಿಸದಿದ್ದಾಗ ವೈದ್ಯರು ಕೊಡುವ ಥೈರಾಕ್ಸಿನ್ ಅದು. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, 5 ಸಾವಿರಕ್ಕೂ ಹೆಚ್ಚು ವಯಸ್ಕರ ಪೈಕಿ ಶೇಕಡ 11ರಷ್ಟು ಮಂದಿಯಲ್ಲಿ ಈ ಕೊರತೆ ಕಂಡುಬಂದಿತ್ತು.

ಇಂಥವರಿಗೆ ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: “ಅದು ಕೆಮಿಕಲ್ ಅಲ್ವಾ ಅಕ್ಕಾ, ಜೀವನಪೂರ್ತಿ ತಿನ್ಲಿಕ್ಕುಂಟಾ? ನೈಸರ್ಗಿಕದ್ದೇ ಉಂಟಲ್ಲ!” ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು, ಮೂಡುಬಿದಿರೆಯಲ್ಲಿ ಆಯುರ್ವೇದ ಕಾಲೇಜು ಇರುವ ನಾಡು ನಮ್ಮದು. ‘ನೈಸರ್ಗಿಕ’ ಎಂಬ ಮಾತಿಗೆ ಇಲ್ಲಿ ಸಹಜವಾಗಿಯೇ ಗೌರವವಿದೆ. ಆ ಪದ್ಧತಿಗಳ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ನೈಸರ್ಗಿಕ ಹಾರ್ಮೋನು ಒಳ್ಳೆಯದು, ಸಂಶ್ಲೇಷಿತ ಹಾರ್ಮೋನು ಕೆಟ್ಟದ್ದು ಎಂಬ ವಾದವನ್ನಷ್ಟೇ ಪರಿಶೀಲಿಸುತ್ತೇನೆ. ಭೌತಶಾಸ್ತ್ರದವನಿಗೆ ಇಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ವಾದ ನಿಂತಿರುವುದೇ ಅಣುವಿನ ಸ್ವರೂಪ ಮತ್ತು ಅರ್ಧಾಯುವಿನ ಮೇಲೆ. ಇವೆರಡೂ ನಮ್ಮ ಅಂಗಡಿಯ ಸರಕುಗಳೇ.

ಈ ಮಾತಿಗೆ ಎರಡು ಬೇರೆ ಬೇರೆ ಅರ್ಥಗಳಿರುವುದನ್ನು ಮೊದಲು ಗಮನಿಸಬೇಕು. ಪಾಶ್ಚಾತ್ಯ ದೇಶಗಳಲ್ಲಿ ‘ನೈಸರ್ಗಿಕ ಥೈರಾಯ್ಡ್’ ಎಂದರೆ ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ, ಪುಡಿಮಾಡಿ, ಒತ್ತಿದ ಮಾತ್ರೆ. ನಮ್ಮಲ್ಲಿ ಅದೇ ಹೆಸರಿನಲ್ಲಿ ಕಷಾಯ, ತೆಂಗಿನೆಣ್ಣೆ, ಸೊಪ್ಪಿನ ರಸಗಳು ಬರುತ್ತವೆ. ಮೊದಲನೆಯದರಲ್ಲಿ ಹಾರ್ಮೋನು ನಿಜಕ್ಕೂ ಇದೆ, ಎರಡನೆಯದರಲ್ಲಿ ಇಲ್ಲ. ಅಲ್ಲಿನ ಮಾತನ್ನು ಇಲ್ಲಿಗೆ ತರುವವರು ಹಂದಿಯ ವಿಚಾರವನ್ನು ಮಾತ್ರ ದಾರಿಯಲ್ಲೇ ಬಿಟ್ಟು ಬಂದಿರುತ್ತಾರೆ! ಸಾವಿರ ಕಂಬದ ಬಸದಿಯ ಊರಿನ ಜೈನರಿಗೋ ಬಂಟ್ವಾಳದ ಮುಸಲ್ಮಾನರಿಗೋ ಅದನ್ನು ಹಾಗೆಯೇ ವಿವರಿಸಿದರೆ ಎಷ್ಟು ಮಂದಿ ಒಪ್ಪಿಯಾರು?

ಗ್ರಂಥಿಯ ಚಿಕಿತ್ಸೆಗೆ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ‍್ರೆ ಕುರಿಯ ಥೈರಾಯ್ಡ್ ರಸವನ್ನು ಒಬ್ಬ ರೋಗಿಗೆ ಚುಚ್ಚಿದರು. ಆಕೆ ಅನಂತರ 28 ವರ್ಷ ಬದುಕಿದರು. 1914ರ ಡಿಸೆಂಬರ್ 25ರಂದು ಅಮೆರಿಕದ ಎಡ್ವರ್ಡ್ ಕೆಂಡಾಲ್ ಗ್ರಂಥಿಯಿಂದ ಥೈರಾಕ್ಸಿನನ್ನು ಹರಳಾಗಿ ಬೇರ್ಪಡಿಸಿದರು. ಮುಂದೆ ಸುಮಾರು 3 ಟನ್ ಹಂದಿಗ್ರಂಥಿಗಳಿಂದ ಅವರಿಗೆ ದಕ್ಕಿದ್ದು ಕೇವಲ 33 ಗ್ರಾಂ. ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ಅದರ ರಚನೆ ಕಂಡುಹಿಡಿದು, 1927ರಲ್ಲಿ ಬಾರ್ಜರ್ ಜೊತೆಗೂಡಿ ಪ್ರಯೋಗಶಾಲೆಯಲ್ಲೇ ತಯಾರಿಸಿದರು.

‘ನೈಸರ್ಗಿಕ’ ವಾದಿಗಳಿಗೆ ಒಂದು ಅಂಕ ಕೊಡಲೇಬೇಕಾದ ಜಾಗ ಇದು. ನಮ್ಮ ಎಡಗೈ ಮತ್ತು ಬಲಗೈಗಳಂತೆ ಥೈರಾಕ್ಸಿನ್ ಅಣುವಿಗೆ ಎರಡು ರೂಪಗಳಿವೆ. ಒಂದು ಇನ್ನೊಂದರ ಕನ್ನಡಿ ಬಿಂಬ. ಗ್ರಂಥಿ ತಯಾರಿಸುವುದು ಎಡಗೈ ರೂಪವನ್ನು ಮಾತ್ರ. 1927ರ ಕೃತಕ ವಸ್ತುವಿನಲ್ಲಿ ಎರಡೂ ಸಮಪಾಲು ಇದ್ದವು. ಅಂದು ಯಾರಾದರೂ ‘ಇದು ಅದಲ್ಲ’ ಎಂದಿದ್ದರೆ ಮಾತು ಸರಿಯಾಗಿಯೇ ಇರುತ್ತಿತ್ತು. ಬಲಗೈ ರೂಪವನ್ನು ಕೊಲೆಸ್ಟರಾಲ್ ಇಳಿಸಲು ಪ್ರಯೋಗಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದನ್ನು 1970ರ ದಶಕದ ಆರಂಭದಲ್ಲಿ, ಸಾವುಗಳು ಹೆಚ್ಚಾದುದರಿಂದ, ಆ ಮಟ್ಟಿಗೆ ನಿಲ್ಲಿಸಬೇಕಾಯಿತು. ಇಂದಿನ ಮಾತ್ರೆಯ ಹೆಸರೇ ಲೀವೋಥೈರಾಕ್ಸಿನ್. ‘ಲೀವೋ’ ಎಂದರೆ ಎಡ. ಎಡಗೈ ರೂಪದ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದಲೇ ಹೊರಟು ಅದನ್ನು ತಯಾರಿಸಬಹುದು. 15 ಇಂಗಾಲ, 4 ಅಯೋಡಿನ್ ಪರಮಾಣುಗಳು, ಅವುಗಳ ನಡುವಿನ ದೂರ, ಕೋನ ಎಲ್ಲವೂ ಗ್ರಂಥಿಯ ಅಣುವಿನಂತೆಯೇ.

ಹಾಗಾದರೆ ಎರಡನ್ನೂ ಪ್ರತ್ಯೇಕಿಸಲು ಸಾಧ್ಯವೇ ಇಲ್ಲವೇ? ಕೃತಕ ಅಣುವಿನ ಇಂಗಾಲವೆಲ್ಲ ಪೆಟ್ರೋಲಿಯಂನಿಂದ ಬಂದದ್ದಾದರೆ ಸಾಧ್ಯ. ಅದರಲ್ಲಿ ವಿಕಿರಣಶೀಲ ಇಂಗಾಲ-14 ಇರುವುದಿಲ್ಲ. ಹಂದಿಯ ಅಣುಗಳಲ್ಲಾದರೋ ಸುಮಾರು 6 ಸಾವಿರ ಕೋಟಿಗೆ ಒಂದರಲ್ಲಿ ಅಂಥ ಒಂದು ಪರಮಾಣು ಇದ್ದೀತು. ಅದನ್ನು ಪತ್ತೆಹಚ್ಚಲು ಕೋಣೆ ತುಂಬುವ ಯಂತ್ರ ಬೇಕು. ನಮ್ಮ ಜೀವಕೋಶಗಳಲ್ಲಿ ಅಂಥ ಯಂತ್ರವಿಲ್ಲ. ಅಣು ತಾನು ಹುಟ್ಟಿದ ಊರನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಮೂಲ ಮುಖ್ಯವಲ್ಲ ಎಂದಾದ ಮೇಲೆ ಪ್ರಮಾಣದ ಪ್ರಶ್ನೆ ಬರುತ್ತದೆ. ಗ್ರಂಥಿ ಟಿ-4 (ಥೈರಾಕ್ಸಿನ್) ಜೊತೆಗೆ ಅಲ್ಪ ಪ್ರಮಾಣದ ಟಿ-3ಯನ್ನೂ ಸ್ರವಿಸುತ್ತದೆ. ಟಿ-3 ಹೆಚ್ಚು ಚುರುಕಾದದ್ದು. ಮನುಷ್ಯರಲ್ಲಿ ಇವುಗಳ ಅನುಪಾತ ಸುಮಾರು 14:1. ಹಂದಿಯಲ್ಲಿ ಸುಮಾರು 4:1. ಹಂದಿಗ್ರಂಥಿಯ 60 ಮಿಲಿಗ್ರಾಂ ಮಾತ್ರೆಯಲ್ಲಿ 38 ಮೈಕ್ರೋಗ್ರಾಂ ಟಿ-4, 9 ಮೈಕ್ರೋಗ್ರಾಂ ಟಿ-3 ಇರುತ್ತವೆ. ನಿಸರ್ಗದ್ದೇನೋ ಹೌದು, ಹಂದಿಯ ನಿಸರ್ಗದ್ದು! ಟಿ-4 ಮಾತ್ರ ಕೊಟ್ಟರೆ ದೇಹವೇ ಅದರಿಂದ ಒಂದು ಅಯೋಡಿನ್ ಪರಮಾಣುವನ್ನು ಕಳಚಿ ತನಗೆ ಬೇಕಾದಷ್ಟು ಟಿ-3 ಮಾಡಿಕೊಳ್ಳುತ್ತದೆ. ಗ್ರಂಥಿಯೇ ಇಲ್ಲದವರಲ್ಲಿಯೂ ಇದು ನಡೆಯುತ್ತದೆಂದು 1970ರಲ್ಲಿ ಬ್ರೇವರ್‌ಮನ್ ಮತ್ತು ಸಂಗಡಿಗರು ತೋರಿಸಿದರು.

ಮಾತ್ರೆಯಿಂದ ಮಾತ್ರೆಗೆ ಪ್ರಮಾಣ ಒಂದೇ ಇರಬೇಕಾದದ್ದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ 1980ರ ದಶಕದವರೆಗೆ ಗ್ರಂಥಿಯ ಪುಡಿಯನ್ನು ಅಳೆಯುತ್ತಿದ್ದುದು ಅದರ ಅಯೋಡಿನ್‌ನಿಂದ. ಹಾರ್ಮೋನು ಅಲ್ಲದ ಅಯೋಡಿನ್ ಕೂಡ ಆ ಲೆಕ್ಕಕ್ಕೆ ಸೇರುತ್ತಿತ್ತು. ಈಗ ಹಾರ್ಮೋನನ್ನೇ ಅಳೆಯುತ್ತಾರೆ. ಆದರೂ 2020ರಲ್ಲಿ ಅಲ್ಲಿನ ಒಂದೇ ತಯಾರಿಕೆಯನ್ನು, ಮೊದಲು ಟಿ-3 ಶೇಕಡ 115ರವರೆಗೆ ಹೆಚ್ಚಿದ್ದುದಕ್ಕೆ, ಕೆಲವು ತಿಂಗಳ ಬಳಿಕ ಹಾರ್ಮೋನು ಶೇಕಡ 87ಕ್ಕೆ ಇಳಿದಿದ್ದುದಕ್ಕೆ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಎದುರು ಪಕ್ಷದ ಬಲವಾದ ಸಾಕ್ಷಿಯನ್ನು ಮುಚ್ಚಿಡುವುದು ನ್ಯಾಯವಲ್ಲ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 70 ರೋಗಿಗಳಿಗೆ ಎರಡೂ ಮಾತ್ರೆಗಳನ್ನು, ಯಾವುದು ಯಾವುದೆಂದು ತಿಳಿಸದೆ, ಒಂದಾದ ಮೇಲೊಂದರಂತೆ ಕೊಟ್ಟರು. ರೋಗಲಕ್ಷಣಗಳಲ್ಲಿ, ಸ್ಮರಣಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ 34 ಮಂದಿ ಹಂದಿಗ್ರಂಥಿಯ ಮಾತ್ರೆಯನ್ನೂ, 13 ಮಂದಿ ಲೀವೋಥೈರಾಕ್ಸಿನನ್ನೂ ಮೆಚ್ಚಿದರು. ಉಳಿದವರಿಗೆ ಎರಡೂ ಒಂದೇ. ರಕ್ತಪರೀಕ್ಷೆ ಸರಿಯಿದ್ದರೂ ಆಯಾಸ ಹೋಗದ ರೋಗಿಗಳು ಇದ್ದಾರೆ. ಅವರ ದೂರು ಭ್ರಮೆಯಲ್ಲ. ಆದರೆ ಅದಕ್ಕೆ ಕಾರಣ ಟಿ-3 ಇರಬಹುದೇ ಎಂಬುದು ಪ್ರಮಾಣದ ಪ್ರಶ್ನೆಯೇ ಹೊರತು ಕಾರ್ಖಾನೆ-ಕಸಾಯಿಖಾನೆಗಳ ಪ್ರಶ್ನೆಯಲ್ಲ. ಟಿ-3 ಕೂಡ ಸಂಶ್ಲೇಷಿತ ರೂಪದಲ್ಲಿ ಇದೆ.

ನಮ್ಮ ಕಡೆಯ ಅಪಾಯ ಇದಕ್ಕಿಂತ ಹೆಚ್ಚಿನದು. ಇಲ್ಲಿ ಮಾತ್ರೆ ಬಿಟ್ಟು ಕಷಾಯ ಹಿಡಿಯುತ್ತಾರೆ, ಎರಡು ವಾರದ ಬಳಿಕ “ಏನೂ ಆಗಲಿಲ್ಲ, ಆರಾಮ ಇದ್ದೇನೆ” ಎನ್ನುತ್ತಾರೆ. ಇದು ಕಷಾಯದ ಗುಣವಲ್ಲ. ರಕ್ತದಲ್ಲಿ ಥೈರಾಕ್ಸಿನ್‌ನ ಅರ್ಧಾಯು ಸುಮಾರು 7 ದಿನ. ಕೊರತೆಯವರಲ್ಲಿ 9-10 ದಿನವೂ ಆಗಬಹುದು. ತಮ್ಮ ಗ್ರಂಥಿ ಏನನ್ನೂ ಸ್ರವಿಸದವರು ಮಾತ್ರೆ ನಿಲ್ಲಿಸಿದರೆ ಒಂದು ವಾರದಲ್ಲಿ ಅರ್ಧ, ಎರಡು ವಾರದಲ್ಲಿ ಕಾಲು, ನಾಲ್ಕು ವಾರದಲ್ಲಿ ಹದಿನಾರನೆಯ ಒಂದು ಪಾಲು ಉಳಿಯುತ್ತದೆ. ಲಕ್ಷಣಗಳು ಅದಕ್ಕೂ ಹಿಂದೆ ಬೀಳುತ್ತವೆ. ಅಂದರೆ ಆ ಹದಿನೈದು ದಿನ ಅವರನ್ನು ನಡೆಸಿದ್ದು ಅವರು ಬಿಟ್ಟ ಮಾತ್ರೆಯೇ. ವಿಕಿರಣಶೀಲ ವಸ್ತುವಿನ ಕ್ಷಯದ ರೇಖೆಯನ್ನು ಎಳೆಯಬಲ್ಲ ಪಿ.ಯು.ಸಿ. ವಿದ್ಯಾರ್ಥಿ ಇದನ್ನು ತನ್ನ ತಾಯಿಗೆ ತೋರಿಸಿಕೊಡಬಹುದು.

ಹಾರ್ಮೋನೇ ಇಲ್ಲವೆನ್ನುವ ‘ನೈಸರ್ಗಿಕ’ ಪೂರಕಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದಲ್ಲಿ ಮಾರಾಟಕ್ಕಿದ್ದ ಇಂಥ 10 ಪೂರಕಗಳನ್ನು ಪರೀಕ್ಷಿಸಿದಾಗ 9ರಲ್ಲಿ ಟಿ-3 ಸಿಕ್ಕಿತೆಂದು 2013ರ ವರದಿ.

ಗರ್ಭಿಣಿಯರಿಗೆ ಈ ಪ್ರಯೋಗಗಳು ಸಲ್ಲವೇ ಸಲ್ಲವು. ಮೊದಲ ಮೂರು ತಿಂಗಳು ಶಿಶು ಬಹುತೇಕ ತಾಯಿಯ ಟಿ-4ನ್ನೇ ನೆಚ್ಚಿಕೊಂಡಿರುತ್ತದೆ. ಅದರ ಮಿದುಳು ರೂಪುಗೊಳ್ಳುವುದು ಆಗಲೇ. ಆ ಕಾಲಕ್ಕೆ ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತದೆ. ಟಿ-4 ಕಡಿಮೆ, ಟಿ-3 ಹೆಚ್ಚು ಇರುವ ಹಂದಿಗ್ರಂಥಿಯ ಮಾತ್ರೆಯನ್ನೂ ಆಗ ಕೊಡಬಾರದೆಂಬುದು ತಜ್ಞರ ಮತ.

‘ಮಾತ್ರೆ ನಾಟುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದ ಸಂಗತಿಗಳು ಅಡುಗೆ ಮನೆಯಲ್ಲೇ ಇವೆ. ಥೈರಾಕ್ಸಿನ್ ಮಾತ್ರೆ ಸೆಕೆ, ತೇವ, ಬೆಳಕುಗಳಿಗೆ ಕೆಡುವಂಥದ್ದು. ನಮ್ಮ ಜೂನ್-ಜುಲೈ ಮಳೆಯಲ್ಲಿ ಉಪ್ಪು ನೀರಾಗುವ ಕಪಾಟಿನಲ್ಲಿ, ಒಲೆಯ ಪಕ್ಕ, ಮುಚ್ಚಳ ಸಡಿಲವಾದ ಬಾಟಲಿಯಲ್ಲಿ ಮೂರು ತಿಂಗಳು ಇಟ್ಟರೆ ಚೀಟಿಯಲ್ಲಿ ಬರೆದ ಪ್ರಮಾಣ ಒಳಗೆ ಉಳಿದಿರುವ ಭರವಸೆಯಿಲ್ಲ. ಮಾತ್ರೆಯ ಹಿಂದೆಯೇ ಕಾಫಿ ಕುಡಿದರೆ ಹೀರಿಕೆ ಕುಗ್ಗುತ್ತದೆ. ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಇಷ್ಟನ್ನು ಸರಿಪಡಿಸಿಕೊಂಡು ಆರರಿಂದ ಎಂಟು ವಾರಗಳ ಬಳಿಕ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲು ಮಾಡಿಸಿದರೆ ಅರ್ಧಾಯುವಿನ ಲೆಕ್ಕದಲ್ಲಿ ರಕ್ತ ಇನ್ನೂ ಹೊಸ ಸಮತೋಲನಕ್ಕೆ ಬಂದಿರುವುದಿಲ್ಲ.