ಬಂಗಾರದ ರೇಕು, ಇಂಗಾಲದ ನಾಳ

ಯಾದಗಿರಿ ಜಿಲ್ಲೆಯ ಸುರಪುರದ ಗರುಡಾದ್ರಿ ಶೈಲಿಯ ಚಿತ್ರವನ್ನು ದೂರದಿಂದ ನೋಡಿದರೆ ಸಾಲದು. ಹತ್ತಿರ ಹೋಗಿ, ಬೆಳಕಿಗೆ ಓರೆಯಾಗಿ ನಿಂತು ನೋಡಬೇಕು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಆ ಕಲೆಯ ಬಂಗಾರದ ರೇಕು ಆಗ ಒಮ್ಮೆಲೇ ಮಿನುಗುತ್ತದೆ. ಬಡಿದು ಬಡಿದು ತೆಳುವಾಗಿಸಿದ ಒಳ್ಳೆಯ ರೇಕಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು, ಅಂದರೆ ಸುಮಾರು 100 ನ್ಯಾನೋಮೀಟರ್. ಅಂಥ ರೇಕನ್ನು ಕಿಟಕಿಗೆ ಅಡ್ಡ ಹಿಡಿದರೆ ಆಚೆಯ ಬೆಳಕು ಹಸಿರು-ನೀಲಿಯಾಗಿ ತೂರಿಬರುತ್ತದೆ. ಹಳದಿ ಲೋಹದ ಒಳಗಿಂದ ಹಸಿರು! ತೆಳುವಾದಷ್ಟೂ ವಸ್ತು ತಾನು ಬಚ್ಚಿಟ್ಟುಕೊಂಡದ್ದನ್ನು ಬಿಟ್ಟುಕೊಡುತ್ತದೆ.

ನನಗೆ ಇಷ್ಟವಾದ ಇನ್ನೊಂದು ಪದರವೂ ಇಷ್ಟೇ ತೆಳು. ಅದು ಪಾಲಿಮರ್ ಸೌರಕೋಶದ ಪದರ. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕನ್ನು 1977ರಲ್ಲಿ ಕಂಡ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ ಅವರಿಗೆ 2000ದಲ್ಲಿ ನೊಬೆಲ್ ಬಂತು. ಆ ಕುಲದ ಪಾಲಿಥಯೋಫೀನ್ ಎಂಬ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿದರೆ ಕಿತ್ತಳೆ ಬಣ್ಣ. ಅದನ್ನೇ ಗಾಜಿನ ಮೇಲೆ ಹನಿಸಿ, ಗಾಜನ್ನು ರಭಸವಾಗಿ ತಿರುಗಿಸಿ ಪದರವಾಗಿ ಹರಡಿದರೆ, ದ್ರಾವಕ ಆರುತ್ತ ಬಂದಂತೆ ಕಣ್ಣೆದುರೇ ನೇರಳೆಗೆ ತಿರುಗುತ್ತದೆ. ದ್ರವದಲ್ಲಿ ಮುದುಡಿಕೊಂಡಿದ್ದ ಎಳೆಗಳು ಒಣಗುವಾಗ ನೆಟ್ಟಗಾಗಿ ಒಂದರ ಮೇಲೊಂದು ಒರಗುತ್ತವೆ. ಎಲೆಕ್ಟ್ರಾನುಗಳಿಗೆ ಓಡಾಡಲು ಉದ್ದ ದಾರಿ ಸಿಗುತ್ತದೆ, ಹೀರುವ ಬೆಳಕು ಬದಲಾಗುತ್ತದೆ. ಹದವಾಗಿ ಕಾಸಿದರೆ ನೇರಳೆ ಇನ್ನೂ ಗಾಢವಾಗುತ್ತದೆ. ಅಣುಗಳು ಸಾಲುಗೂಡುವುದನ್ನು ಬರಿಗಣ್ಣಿನಿಂದ ನೋಡುವ ಭಾಗ್ಯ ಎಲ್ಲೆಡೆ ಸಿಗುವಂಥದ್ದಲ್ಲ.

ಆದರೆ ಬಣ್ಣ ಬಂದರೆ ವಿದ್ಯುತ್ ಬಂದಂತಲ್ಲ. ಬೆಳಕು ಬಿದ್ದಾಗ ಹುಟ್ಟುವುದು ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ. ಇವೆರಡೂ ಜೋಡಿಯಾಗಿ ಅಂಟಿಕೊಂಡೇ ಇರುತ್ತವೆ. ಆ ಜೋಡಿ ಸಾಯುವ ಮುಂಚೆ ಸಾಗಬಲ್ಲ ದೂರ 10 ನ್ಯಾನೋಮೀಟರ್ ಸುಮಾರು. ಅಷ್ಟರೊಳಗೆ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಬೇರೊಂದು ವಸ್ತು ಎದುರಾಗಲೇಬೇಕು. ಬೆಳಕನ್ನು ಹೀರಲು ಪದರ 100 ನ್ಯಾನೋಮೀಟರಿನಷ್ಟು ದಪ್ಪ ಇರಬೇಕು, ಜೋಡಿ ಸಾಗುವುದು 10 ಮಾತ್ರ. ಈ ಇಕ್ಕಟ್ಟಿಗೆ 1995ರಲ್ಲಿ ಹೀಗರ್ ಬಳಗ ಕಂಡುಕೊಂಡ ಉತ್ತರ, ಎರಡೂ ವಸ್ತುಗಳನ್ನು ಪದರದುದ್ದಕ್ಕೂ ಬೆರೆಸಿಬಿಡುವುದು. ಎಲ್ಲಿ ಬೆಳಕು ಬಿದ್ದರೂ ಗಡಿ ಪಕ್ಕದಲ್ಲೇ ಇರುತ್ತದೆ. ಅಂದು ಪಾಲಿಮರ್ ಜೊತೆ ಬೆರೆತದ್ದು 60 ಇಂಗಾಲದ ಪರಮಾಣುಗಳ ಚೆಂಡಿನಿಂದ ಮಾಡಿದ ಅಣು.

ಚೆಂಡಿನ ಜಾಗಕ್ಕೆ ನಾಳವನ್ನು ತಂದವರ ಕಥೆ ನನಗೆ ಹೆಚ್ಚು ರುಚಿಸುತ್ತದೆ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರ ಪ್ರಬಂಧದಿಂದ ಜಗತ್ತಿನ ಗಮನಕ್ಕೆ ಬಂದ ಇಂಗಾಲದ ನ್ಯಾನೋನಾಳ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯನ್ನು ಚಾಪೆಯಂತೆ ಸುತ್ತಿದ ರೂಪ. ಒಂಟಿ ಗೋಡೆಯ ನಾಳದ ಅಡ್ಡಗಲ ಒಂದೆರಡು ನ್ಯಾನೋಮೀಟರ್. ಸುತ್ತುವ ಕೋನ ತುಸು ಬದಲಾದರೆ ಸಾಕು, ಅದೇ ಇಂಗಾಲ ಒಮ್ಮೆ ಲೋಹದಂತೆ, ಒಮ್ಮೆ ಅರೆವಾಹಕದಂತೆ ನಡೆದುಕೊಳ್ಳುತ್ತದೆ. ಸುತ್ತುವ ಓರೆಯಿಂದಲೇ ವಸ್ತುವಿನ ಗುಣ ನಿರ್ಧಾರವಾಗುವುದನ್ನು ಎಷ್ಟು ಸಲ ಓದಿದರೂ ಬೆರಗು ತಗ್ಗುವುದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಅವರ ಬಳಗ 2000ದಲ್ಲಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ನಾಳಗಳನ್ನೂ ಬೆಳೆಸಿ ತೋರಿಸಿತು. ಪಾಲಿಮರ್ ಪದರದಲ್ಲಿ ಬೆಳಕು ವಿದ್ಯುತ್ತಾಗುವ ಬಗೆಯನ್ನು ಅದೇ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರ ಪ್ರಯೋಗಾಲಯ ಅಧ್ಯಯನ ಮಾಡಿದೆ.

2002ರಲ್ಲಿ ಕೇಂಬ್ರಿಜ್‌ನ ಕಿಮಾಕಿಸ್ ಮತ್ತು ಅಮರತುಂಗ ಪಾಲಿಥಯೋಫೀನ್‌ಗೆ ಶೇಕಡ ಒಂದಕ್ಕಿಂತ ಕಡಿಮೆ ನಾಳ ಸೇರಿಸಿದರು. ಬರಿಯ ಪಾಲಿಮರ್‌ಗಿಂತ ವಿದ್ಯುತ್ ಪ್ರವಾಹ ನೂರು ಪಟ್ಟಿನಷ್ಟು ಏರಿತು, 0.7ರಿಂದ 0.9 ವೋಲ್ಟ್ ಒತ್ತಡ ಸಿಕ್ಕಿತು. ಅಷ್ಟಾದರೂ ಒಟ್ಟು ದಕ್ಷತೆ ಒಂದು ಶೇಕಡವನ್ನೂ ಮುಟ್ಟಲಿಲ್ಲ. ಸಾಮಾನ್ಯವಾಗಿ ಮೂರರಲ್ಲಿ ಒಂದು ನಾಳ ಲೋಹದ ಗುಣದ್ದು. ಬೇರ್ಪಟ್ಟ ಎಲೆಕ್ಟ್ರಾನ್ ಅಲ್ಲಿ ಮತ್ತೆ ತನ್ನ ಜೋಡಿಯನ್ನು ಕೂಡಿ ನಷ್ಟವಾಗುತ್ತದೆ.

ಲೋಹದ್ದನ್ನು ಆರಿಸಿ ತೆಗೆಯುವುದು ಹೇಗೆ? ಇದಕ್ಕೂ ಪಾಲಿಮರೇ ದಾರಿ ತೋರಿತು. 2007ರಲ್ಲಿ ಆಕ್ಸ್‌ಫರ್ಡಿನ ನಿಕೊಲಸ್ ಬಳಗ ಪಾಲಿಫ್ಲೋರೀನ್ ಪಾಲಿಮರನ್ನು ನಾಳಗಳೊಡನೆ ಟಾಲ್ಯೂಯಿನ್‌ನಲ್ಲಿ ಕಲಕಿದಾಗ, ಅದು ಅರೆವಾಹಕ ನಾಳಗಳನ್ನೇ ತಬ್ಬಿ ದ್ರವದಲ್ಲಿ ತೇಲಿಸಿತು. ಲೋಹದ ನಾಳಗಳು ತಳಕ್ಕಿಳಿದವು. ಯಾವ ಚಿಮುಟವೂ ಹಿಡಿಯಲಾರದ ವಸ್ತುವನ್ನು ಒಂದು ಎಳೆ ಸುತ್ತಿಕೊಂಡು ಆಯ್ದುಕೊಟ್ಟಿತು. ಈ ವಿಷಯದಲ್ಲಿ ನನ್ನ ಮನಸ್ಸು ಹೆಚ್ಚು ತಂಗುವುದು ಇಲ್ಲಿ.

ಪಾಲಿಮರ್ ಎಳೆಗಳ ಹಾಗೆ ಸಾಲು ಕಟ್ಟುವುದು ಸುರಪುರದ ಸುತ್ತಲಿನ ಈ ನೆಲಕ್ಕೆ ಹೊಸದೇನಲ್ಲ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಗುಂಡುಗಳನ್ನು ಓರೆ ಸಾಲುಗಳಲ್ಲಿ, ಸಮ ಅಂತರದಲ್ಲಿ ಇಟ್ಟಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಅವನ್ನು ದಾಖಲಿಸಿದ. ಬೆಂಗಳೂರಿನ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಆ ಸಾಲುಗಳ ದಿಕ್ಕನ್ನು ಅಯನಗಳ ಸೂರ್ಯೋದಯ, ಸೂರ್ಯಾಸ್ತಗಳೊಂದಿಗೆ ಹೋಲಿಸಿ ಅಧ್ಯಯನ ಮಾಡಿದರು. ಅಲ್ಲಿ ಒಂದೊಂದು ಕಲ್ಲನ್ನೂ ಜನ ಹೊತ್ತು ತಂದು ಇಟ್ಟಿದ್ದಾರೆ. ಪಾಲಿಮರ್ ಪದರದಲ್ಲಿ ಇಡುವ ಕೈಯೇ ಇಲ್ಲ. ದ್ರಾವಕ, ಬಿಸಿ, ಆರುವ ವೇಗ ಇವುಗಳ ಹದವನ್ನಷ್ಟೇ ನಾವು ಕೊಡುತ್ತೇವೆ, ಸಾಲು ತಾನಾಗಿ ಮೂಡುತ್ತದೆ.

ಇಂದು ಅತ್ಯುತ್ತಮ ಸಾವಯವ ಸೌರಕೋಶಗಳ ದಕ್ಷತೆ ಶೇಕಡ 20ರ ಆಸುಪಾಸಿಗೆ ಬಂದಿದೆ. ಅಲ್ಲಿ ಎಲೆಕ್ಟ್ರಾನನ್ನು ಸೆಳೆಯುವುದು ಬೇರೆ ಅಣುಗಳು. ನಾಳಗಳು ಈಗ ಕೋಶದ ಬೆಳಕಿನ ಬದಿಗೆ ಸರಿಯುತ್ತಿವೆ. ಬಾಗಿದರೆ ಬಿರುಕು ಬಿಡುವ ಇಂಡಿಯಂ-ತವರ ಆಕ್ಸೈಡಿನ ವಿದ್ಯುದ್ವಾರದ ಬದಲು, ಬಾಗಿಸಬಹುದಾದ ಪಾರದರ್ಶಕ ಜಾಲವಾಗಿ ಅವನ್ನು ಹಾಸುತ್ತಾರೆ. ಗಾಳಿ, ತೇವ, ಬಿಸಿ ಈ ಪದರಗಳ ಶತ್ರುಗಳು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಯಾದಗಿರಿಯ ಮಾಳಿಗೆಗಿಂತ ಕಠಿಣ ಪರೀಕ್ಷೆ ಅವಕ್ಕೆ ಸಿಗುವುದು ಕಷ್ಟ. ಆ ಪರೀಕ್ಷೆ ಇಲ್ಲೇ ನಡೆಯಬೇಕು, ಇಲ್ಲಿನ ಕಾಲೇಜಿನ ಹುಡುಗ ಹುಡುಗಿಯರೇ ಅದನ್ನು ನಡೆಸಬೇಕು ಎಂಬುದು ನನ್ನ ಆಸೆ.