ಚಿನ್ನದ ಗಣಿಯ ಕಥೆಗಳಲ್ಲಿ ಕಾಣದ ಮುಷ್ಕರ

ಕೋಲಾರದ ಚಿನ್ನದ ಗಣಿಯನ್ನು ಕುರಿತ ಕಥೆಗಳಿಗೆ ಈಚೆಗೆ ಬರವಿಲ್ಲ. ೨೦೧೮ರಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್. ಚಾಪ್ಟರ್ ೧’ ಎಂಬ ಚಲಚ್ಚಿತ್ರವೂ, ೨೦೨೨ರಲ್ಲಿ ಅದರ ಉತ್ತರಭಾಗವೂ, ೨೦೨೪ರಲ್ಲಿ ಪಾ. ರಂಜಿತ್ ಅವರ ‘ತಂಗಲಾನ್’ ಎಂಬ ತಮಿಳು ಚಿತ್ರವೂ ಹೊರಬಂದು, ನಮ್ಮ ಜಿಲ್ಲೆಯ ಒಂದು ಮೂಲೆಯ ಹೆಸರನ್ನು ದೇಶದ ಉದ್ದಗಲಕ್ಕೂ ಹರಡಿದುವು. ಇವುಗಳಲ್ಲಿ ಮೊದಲನೆಯದನ್ನು ನಿಮಿತ್ತವಾಗಿಟ್ಟುಕೊಂಡು ಒಂದು ಪ್ರಶ್ನೆಯನ್ನು ವಿಚಾರಮಾಡಬೇಕೆಂದು ನಮ್ಮ ಉದ್ದೇಶ. ಗಣಿಯ ಕಥೆಯನ್ನು ಹೇಳಹೊರಟವರು, ಗಣಿಯ ಜನ ತಾವೇ ಕೂಡಿ ನಡೆಸಿದ ಮಹಾಕಾರ್ಯವಾದ ಮುಷ್ಕರವನ್ನು ಏಕೆ ಕೈಬಿಟ್ಟರು?

ಚಿತ್ರದ ಕಥೆ ವಾಚಕರಿಗೆ ತಿಳಿದದ್ದೇ. ನಾರಾಚಿ ಎಂಬುದೊಂದು ಕಲ್ಪಿತ ಗಣಿ. ಅಲ್ಲಿ ದುಡಿಯುವವರು ಕೂಲಿಗಳಲ್ಲ, ಸೆರೆಯಾಳುಗಳು. ಹೊರಗಿನಿಂದ ಒಬ್ಬ ವೀರನು ಬರುತ್ತಾನೆ, ಗರುಡನೆಂಬ ದುಷ್ಟನನ್ನು ಕೊಲ್ಲುತ್ತಾನೆ, ಜನ ಅವನ ಬೆನ್ನ ಹಿಂದೆ ನಿಲ್ಲುತ್ತಾರೆ. ಕಣ್ಣಿಗೆ ಹಬ್ಬವಾಗುವ ಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಸೈನೈಡ್ ದಿಬ್ಬಗಳ ಆ ಬೋಳು ಭೂಮಿಯನ್ನು ಅಷ್ಟು ಭಯಂಕರವಾಗಿ ಕಾಣಿಸಬಹುದೆಂದು ಅದರ ಪಕ್ಕದಲ್ಲೇ ಇರುವ ನಮಗೂ ತಿಳಿದಿರಲಿಲ್ಲ. ಕಲ್ಪನೆಗೆ ಇತಿಹಾಸದ ಅಳತೆಗೋಲನ್ನು ಹಿಡಿಯುವುದು ನ್ಯಾಯವಲ್ಲವೆಂಬುದನ್ನೂ ಒಪ್ಪಿದ್ದೇವೆ. ನಮ್ಮ ಆಕ್ಷೇಪಣೆ ಇತಿಹಾಸದ್ದಲ್ಲ, ರಸದ್ದು.

ಆದರೂ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಲೇಬೇಕಾಗಿದೆ. ೧೮೮೦ರಿಂದ ಈ ಗಣಿಗಳ ಆಡಳಿತ ಜಾನ್ ಟೇಲರ್ ಮತ್ತು ಸನ್ಸ್ ಎಂಬ ಇಂಗ್ಲಿಷ್ ಕಂಪೆನಿಯ ಕೈಯಲ್ಲಿತ್ತು. ದುಡಿಯುತ್ತಿದ್ದವರಲ್ಲಿ ಬಹುಮಂದಿ ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಆದಿದ್ರಾವಿಡರು. ತೆಲುಗರೂ ಕನ್ನಡಿಗರೂ ಇದ್ದರು. ೧೯೩೦ರ ಏಪ್ರಿಲಿನಲ್ಲಿ, ಕೂಲಿಗಳೆಲ್ಲರ ಬೆರಳಚ್ಚನ್ನು ತೆಗೆದು ದಾಖಲೆಮಾಡುವ ಏರ್ಪಾಡನ್ನು ವಿರೋಧಿಸಿ ಸಾವಿರಾರು ಜನ ಕೆಲಸ ಬಿಟ್ಟರು. ಇಪ್ಪತ್ತೊಂದು ದಿನ ಮುಷ್ಕರ ನಡೆಯಿತು. ಅವರಿಗೆ ಮನ್ನಣೆ ಪಡೆದ ಸಂಘವಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಶಾಸನದ ಆಸರೆ ದೊರೆತದ್ದು ಹತ್ತು ವರ್ಷಗಳ ಮೇಲೆ. ಇದನ್ನು ಜಾನಕಿ ನಾಯರ್ ಅವರು ೧೯೯೮ರಲ್ಲಿ ಪ್ರಕಟವಾದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಬೆರಳಚ್ಚಿನಂಥ ಸಣ್ಣ ವಿಷಯಕ್ಕೆ ಇಷ್ಟೇ ಎಂದು ಕೇಳುವವರುಂಟು. ಒಂದು ಗಣಿಯಲ್ಲಿ ಕೆಲಸ ಹೋದರೆ ಬೇರೆ ಹೆಸರಿಟ್ಟುಕೊಂಡು ಇನ್ನೊಂದರ ಬಾಗಿಲಿಗೆ ಹೋಗಬಹುದು. ಬೆರಳಿನ ಗೆರೆಗಳಿಗೆ ಬೇರೆ ಹೆಸರಿಡಲಾಗದು. ಕೊರಳಿಗೆ ಹಗ್ಗ ಬಿತ್ತೆಂದು ಓದು ಬರಹ ಬಾರದವನಿಗೂ ತಿಳಿಯದೆ ಇರುತ್ತದೆಯೆ?

ಈಗ ರಸದ ಮಾತಿಗೆ ಬರೋಣ. ಮುಷ್ಕರ ಹೂಡುವವನ ಮನಸ್ಸಿನಲ್ಲಿ ಮೊದಲು ಏಳುವುದು ಉತ್ಸಾಹವಲ್ಲ, ಲೆಕ್ಕ. ಬಟವಾಡೆ ತಪ್ಪಿದರೆ ಅಂಗಡಿಯ ಸಾಲ ಎಷ್ಟಕ್ಕೆ ಏರೀತು; ಶೆಟ್ಟರು ಎಷ್ಟು ದಿನ ಅಕ್ಕಿ ಅಳೆದಾರು? ಲೈನಿನ ಮನೆ ಕಂಪೆನಿಯದು. ಕೆಲಸದೊಡನೆ ಸೂರೂ ಹೋದರೆ ಮಕ್ಕಳನ್ನು ಎಲ್ಲಿ ಮಲಗಿಸುವುದು? ಮಳೆ ಇಲ್ಲದ ಸೀಮೆಗಳಿಂದ ಜನ ಕೆಲಸ ಹುಡುಕಿ ಬರುತ್ತಲೇ ಇರುವಾಗ ಬಿಟ್ಟ ಸ್ಥಳ ನಾಳೆಗೆ ಖಾಲಿ ಉಳಿದೀತೆ? ಪಕ್ಕದ ಮನೆಯವನು ಇಂದು ಕೈಯೆತ್ತಿ ನಾಳೆ ಕತ್ತಲೆಯಲ್ಲೇ ಮೇಸ್ತ್ರಿಯ ಬಳಿಗೆ ಹೋದರೆ? ಮುಂದೆ ನಿಂತವನ ಹೆಸರು ಪೋಲೀಸರ ಪುಸ್ತಕಕ್ಕೆ ಹೋಗುತ್ತದೆ, ಹಿಂದೆ ನಿಂತವನದು ಹೋಗುವುದಿಲ್ಲ; ಹಾಗಾದರೆ ಮುಂದೆ ನಿಲ್ಲುವವನು ಯಾರು? ಗಣಿಗಾರನಿಗೆ ಇನ್ನೊಂದು ವಿಶೇಷವಾದ ಅಳುಕುಂಟು. ಪಂಪುಗಳು ನಿಂತರೆ ಆಳದಲ್ಲಿ ನೀರು ತುಂಬುತ್ತದೆ. ಒಡೆಯನನ್ನು ಬಗ್ಗಿಸಹೋಗಿ ತನ್ನ ಅನ್ನದ ಗುಂಡಿಯನ್ನೇ ಮುಳುಗಿಸಿದಂತಾದೀತು. ಇವನ್ನು ಹೇಡಿತನವೆನ್ನುವವರು ಸಂಬಳದ ದಿನಕ್ಕಾಗಿ ಕಾದವರಲ್ಲ.

ನಮ್ಮ ಆಲಂಕಾರಿಕರು ಸಂಚಾರಿಭಾವಗಳನ್ನು ಮೂವತ್ತಮೂರೆಂದು ಎಣಿಸುವಾಗ ಗ್ಲಾನಿ, ಶಂಕೆ, ಶ್ರಮ, ದೈನ್ಯ, ಚಿಂತೆಗಳನ್ನೂ ಸೇರಿಸಿದ್ದಾರೆ. ಬಡವರ ಧೈರ್ಯ ಈ ಐದರ ನಡುವೆಯೇ ಹಾದು ಬರತಕ್ಕದ್ದು. ಇವನ್ನು ಕಳೆದುಬಿಟ್ಟರೆ ಉಳಿಯುವುದು ಒಬ್ಬನ ತೋಳ್ಬಲ, ಮಿಕ್ಕವರ ಜಯಕಾರ. ನಾರಾಚಿಯ ಜನರಿಗೆ ಭಯವಿದೆ, ಲೆಕ್ಕವಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರಂತೆ ಅವರನ್ನು ಚಿತ್ರಿಸಿರುವುದರಿಂದ, ಪಣವೊಡ್ಡುವ ಪ್ರಸಂಗವೇ ಅವರಿಗೆ ಬರುವುದಿಲ್ಲ. ಗರುಡನು ಸತ್ತಾಗ ನೋಟಕರು ಚಪ್ಪಾಳೆ ತಟ್ಟುತ್ತಾರೆ, ಸರಿ. ಆದರೆ ಬಿಡುಗಡೆ ಅವರಿಗೆ ಬಂದ ದಾನ. ಉತ್ತರಭಾಗದಲ್ಲಿ ಆ ಜನ ಹೊಸ ಒಡೆಯನಿಗೆ ಚಿನ್ನ ಅಗೆಯುವುದು ಇದಕ್ಕೆ ತಕ್ಕ ಫಲವೇ ಆಗಿದೆ.

ಮುಷ್ಕರವೆಂದರೆ ಕಾಯುವುದು, ಹಸಿಯುವುದು, ಸುಮ್ಮನಿರುವುದು. ಅದರಿಂದ ಕಥೆ ಹೇಗೆ ನಡೆದೀತು ಎಂದು ಕೆಲವರು ಕೇಳಬಹುದು. ಫ್ರೆಂಚ್ ಕಾದಂಬರಿಕಾರ ಜೋಲಾ ೧೮೮೫ರಲ್ಲಿ ‘ಜರ್ಮಿನಲ್’ ಎಂಬ ಕೃತಿಯಲ್ಲಿ ಕಲ್ಲಿದ್ದಲ ಗಣಿಯ ಮುಷ್ಕರವೊಂದನ್ನು ಹಾಗೆಯೇ ನಡೆಸಿದ್ದಾನೆ. ಅಲ್ಲಿಯೂ ಒಬ್ಬ ತರುಣ ಹೊರಗಿನಿಂದ ಬರುತ್ತಾನೆ. ಆದರೆ ಕಥೆಯ ಜೀವ ಅವನಲ್ಲಿಲ್ಲ, ಮಾಹ್ಯೂ ಎಂಬ ಗಣಿಗಾರನ ಹೆಂಡತಿಯಲ್ಲಿದೆ. ಅಂಗಡಿಯವನ ಮುಂದೆ ಕೈಯೊಡ್ಡಿ ನಿಂತವಳು ಅವಳು. ಮುಷ್ಕರ ಮುರಿಯಕೂಡದೆಂದು ಕೊನೆಗೆ ಎಲ್ಲರಿಗಿಂತ ಕಠಿಣವಾದವಳೂ ಅವಳೇ. ಗಂಡ ಸೈನಿಕರ ಗುಂಡಿಗೆ ಬಿದ್ದು, ಮಗಳೊಬ್ಬಳು ಹಸಿವಿನಿಂದ ಸತ್ತ ಮೇಲೆ, ಉಳಿದ ಮಕ್ಕಳ ಹೊಟ್ಟೆಗಾಗಿ ಅವಳು ತಾನೇ ಗಣಿಗೆ ಇಳಿಯುತ್ತಾಳೆ. ಸೋಲಿನಲ್ಲಿಯೂ ಅವಳು ನಮಗೆ ಚಿಕ್ಕವಳಾಗಿ ಕಾಣುವುದಿಲ್ಲ. ಏಕೆಂದರೆ ಅವಳ ಲೆಕ್ಕದ ಒಂದೊಂದು ಕಾಸನ್ನೂ ನಾವು ಕಂಡಿದ್ದೇವೆ.

ಇಂಥ ಶಕ್ತಿ ಕನ್ನಡಕ್ಕಿಲ್ಲವೆಂದಲ್ಲ. ಕಾಸರಗೋಡು ಸೀಮೆಯ ಕಯ್ಯೂರಿನ ರೈತರನ್ನು ಕುರಿತು ನಿರಂಜನರು ೧೯೫೫ರಲ್ಲಿ ‘ಚಿರಸ್ಮರಣೆ’ಯನ್ನು ಬರೆದರು; ೧೯೪೩ರಲ್ಲಿ ಗಲ್ಲಿಗೇರಿದ ನಾಲ್ವರು ತರುಣರು ಅದರಿಂದ ಕನ್ನಡಿಗರ ಮನೆಯವರಾದರು. ೧೯೪೬ರ ನವೆಂಬರ್ ೪ರಂದು ಚಿನ್ನದ ಗಣಿಯಲ್ಲಿ ಪೋಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಕಯ್ಯೂರಿನವರನ್ನು ಬಲ್ಲ ಓದುಗರಲ್ಲಿ ಎಷ್ಟು ಮಂದಿ ಈ ಆರು ಜನರನ್ನು ಬಲ್ಲರು? ಗಣಿಯ ಜನರ ಮನೆಮಾತು ಬಹುಪಾಲು ತಮಿಳೆಂಬುದು ಇದಕ್ಕೆ ಕಾರಣವಾಗಿದ್ದರೆ, ಅದು ನಮ್ಮ ಸಾಹಿತ್ಯಕ್ಕೆ ಗೌರವದ ಕಾರಣವಲ್ಲ. ಚಿನ್ನಕ್ಕೆ ಭಾಷೆಯನ್ನು ಕೇಳದವರು ನಾವು.

ಗಣಿ ೧೯೫೬ರಲ್ಲಿ ರಾಜ್ಯ ಸರ್ಕಾರಕ್ಕೂ ಮುಂದೆ ಕೇಂದ್ರ ಸರ್ಕಾರಕ್ಕೂ ಸೇರಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಪಂಪುಗಳು ನಿಂತುವು, ನೀರು ತುಂಬಿತು. ಆದರೆ ಕೆಲಸ ನಿಲ್ಲಿಸಿದವರು ಕೂಲಿಗಳಲ್ಲ. ಅಂದಿನಿಂದ ಗಣಿಯ ಮನೆಗಳ ಮಕ್ಕಳು ಬೆಳಗಿನ ಜಾವಕ್ಕೆದ್ದು, ಮಾರಿಕುಪ್ಪದ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಒಬ್ಬನದು ಕಾರ್ಖಾನೆ, ಇನ್ನೊಬ್ಬನದು ಕಾವಲು, ಮತ್ತೊಬ್ಬಳದು ಸಿದ್ಧ ಉಡುಪಿನ ಗಿರಣಿ. ಹಲವರಿಗೆ ಗುತ್ತಿಗೆದಾರನ ಮುಖ ಗೊತ್ತು, ಒಡೆಯನ ಹೆಸರು ಗೊತ್ತಿಲ್ಲ. ಹಾಜರಿ ಹಾಕುವಾಗ ಯಂತ್ರದ ಮೇಲೆ ಬೆರಳಿಡುತ್ತಾರೆ. ಅವರ ಅಜ್ಜಂದಿರು ಯಾವುದಕ್ಕಾಗಿ ಇಪ್ಪತ್ತೊಂದು ದಿನ ಕೆಲಸ ಬಿಟ್ಟರೆಂಬುದನ್ನು ಅವರಿಗೆ ಹೇಳುವ ಕಾದಂಬರಿಯನ್ನು ನಮ್ಮ ತರುಣ ಲೇಖಕರಲ್ಲಿ ಯಾರಾದರೂ ಬರೆಯುವುದಾದರೆ, ಒಂದು ತಿಂಗಳು ಆ ರೈಲಿನಲ್ಲಿ ಓಡಾಡಿ ಆರಂಭಿಸಲಿ.