ಖಾಲಿ ಗಾಡಿಯ ತೂಕ

ಕಬ್ಬು ಅರೆಯುವ ಹಂಗಾಮಿನಲ್ಲಿ ಬಾಗಲಕೋಟೆ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಎಲ್ಲರೂ ಕಾಯುವುದು ಕಾಟಾಕ್ಕೆ. ಕಬ್ಬು ತುಂಬಿದ ಗಾಡಿಯನ್ನು ಒಮ್ಮೆ ತೂಗುತ್ತಾರೆ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಇನ್ನೊಮ್ಮೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಕಬ್ಬು. ಕಾಟಾದಲ್ಲಿ ಮೋಸವಾಯಿತೆಂದು ರೈತರು ಜಗಳಕ್ಕೆ ನಿಲ್ಲುವುದುಂಟು. ಲೆಕ್ಕದ ರೀತಿಯ ಬಗ್ಗೆ ಮಾತ್ರ ಯಾರಿಗೂ ಗೊಂದಲವಿಲ್ಲ.

ಮೈ ಇಳಿಸಲು ಹೊರಟವರು ಬೆಳಿಗ್ಗೆ ಎದ್ದು ತೂಕದ ಮಷೀನಿನ ಮೇಲೆ ನಿಂತಾಗ ತಪ್ಪುವುದು ಇದೇ ಲೆಕ್ಕ. ಅವರಿಗೆ ಬೇಕಿರುವುದು ಕೊಬ್ಬಿನ ಭಾರ. ಮಷೀನು ತೋರಿಸುವುದು ಮೂಳೆ, ಮಾಂಸ, ರಕ್ತ, ರಾತ್ರಿ ಉಂಡ ಮುದ್ದೆ, ಕುಡಿದ ಮಜ್ಜಿಗೆ ಎಲ್ಲವೂ ಸೇರಿದ ಇಡೀ ಗಾಡಿಯ ಭಾರ. ಕೊಬ್ಬನ್ನು ಇಳಿಸಿಟ್ಟು ಮತ್ತೊಮ್ಮೆ ಕಾಟಾ ಮಾಡಿಸುವ ಅನುಕೂಲ ಮನುಷ್ಯನಿಗಿಲ್ಲ. ಹೀಗಿದ್ದೂ ದಿನ ಬೆಳಗಾದರೆ ತೂಕ ನೋಡಿ ಎನ್ನುವವರಿದ್ದಾರೆ, ವಾರಕ್ಕೊಮ್ಮೆ ಸಾಕು ಎನ್ನುವವರಿದ್ದಾರೆ, ಮಷೀನನ್ನೇ ಮನೆಯಿಂದ ಆಚೆ ಹಾಕಿ ಎನ್ನುವವರೂ ಇದ್ದಾರೆ. ಮೂವರ ಮಾತಿಗೂ ಒಂದಿಷ್ಟು ಆಧಾರವಿದೆ. ಆದರೆ ಮೂವರ ಆಧಾರವೂ ಒಂದೇ ತೂಕದ್ದಲ್ಲ.

ಒಂದು ದಿನದ ಅಂಕಿ ಎಷ್ಟು ಚಂಚಲ ಎಂಬುದನ್ನು 2024ರ ಆಗಸ್ಟ್‌ನಲ್ಲಿ ಇಡೀ ದೇಶವೇ ಕಂಡಿತು. ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆ.ಜಿ. ಕುಸ್ತಿಯಲ್ಲಿ ವಿನೇಶ್ ಫೋಗಟ್ ಮೊದಲ ದಿನ ಬೆಳಿಗ್ಗೆ ಮಿತಿಯೊಳಗೇ ತೂಗಿದ್ದರು. ಮೂರು ಪಂದ್ಯ ಗೆದ್ದು, ನಡುವೆ ಒಂದಿಷ್ಟು ಆಹಾರ, ನೀರು ತೆಗೆದುಕೊಂಡು ಸಂಜೆ ನೋಡಿದರೆ ತೂಕ ಮಿತಿಗಿಂತ 2.7 ಕಿಲೋ ಹೆಚ್ಚು. ರಾತ್ರಿಯಿಡೀ ಬೆವರು ಹರಿಸಿ, ಕೂದಲನ್ನೂ ಕತ್ತರಿಸಿ ಕೊನೆಗೆ ಉಳಿದದ್ದು 100 ಗ್ರಾಂ. ಫೈನಲ್ ಕೈತಪ್ಪಿತು. ಆ ಒಂದು ದಿನದಲ್ಲಿ ಏರಿ ಇಳಿದದ್ದು ಕೊಬ್ಬಲ್ಲ. ಬಹುಪಾಲು ನೀರು, ಮಿಕ್ಕದ್ದು ಊಟ.

ಇದೇ ಆಟ ಏಕಾದಶಿ ಮಾಡುವ ಮನೆಗಳಲ್ಲೂ ನಡೆಯುತ್ತದೆ, ಅಷ್ಟು ಘೋರವಾಗಿ ಅಲ್ಲ ಅಷ್ಟೇ. ಉಪವಾಸದ ಮರುದಿನ ಬೆಳಿಗ್ಗೆ ತೂಕ ನೋಡಿದರೆ ಒಂದು ಕಿಲೋ ಇಳಿದಿರುತ್ತದೆ, ಮನಸ್ಸಿಗೆ ಹಬ್ಬ. ದ್ವಾದಶಿಯ ಪಾರಣೆ ಮುಗಿದು ಒಂದು ದಿನ ಕಳೆಯುವಷ್ಟರಲ್ಲಿ ಅದು ಮರಳಿ ಬಂದಿರುತ್ತದೆ. ಕಾರಣ ಸರಳ. ಅನ್ನ, ರೊಟ್ಟಿಯ ಪಿಷ್ಟವನ್ನು ಯಕೃತ್ತು ಮತ್ತು ಸ್ನಾಯುಗಳು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಅದರ ಒಂದು ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಕೂತಿರುತ್ತದೆ. ಉಪವಾಸದಲ್ಲಿ ಗ್ಲೈಕೋಜನ್ ಕರಗಿದಾಗ ಆ ನೀರೂ ಹೊರಡುತ್ತದೆ. ಉಪ್ಪಿನಕಾಯಿ, ಹಪ್ಪಳದ ಊಟ ನೀರನ್ನು ಹಿಡಿದಿಡುತ್ತದೆ. ಮುಟ್ಟಿನ ದಿನಗಳ ಆಸುಪಾಸಿನಲ್ಲಿ ಹೆಂಗಸರ ತೂಕ ತಾನಾಗಿ ಏರಿ ತಾನಾಗಿ ಇಳಿಯುತ್ತದೆ. ಇನ್ನು ಒಂದು ಕಿಲೋ ಕೊಬ್ಬು ಎಂದರೆ ಹೆಚ್ಚುಕಡಿಮೆ 7,700 ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವ ದೇಹ ನಾಲ್ಕು ದಿನ ಏನೂ ತಿನ್ನದಿದ್ದರೂ ಅದರಿಂದ ಕರಗುವ ಕೊಬ್ಬು ಒಂದು ಕಿಲೋ ದಾಟುವುದು ಕಷ್ಟ. ಒಂದೇ ರಾತ್ರಿಯಲ್ಲಿ ಕಿಲೋಗಟ್ಟಲೆ ಇಳಿಸುವ ಜಾಹೀರಾತುಗಳು ಇಳಿಸುವುದು ಏನನ್ನು ಎಂದು ಬೇರೆ ಹೇಳಬೇಕಿಲ್ಲ.

ದಿನವೂ ತೂಗಿಕೊಳ್ಳುವ ಗೀಳು ಬ್ಯಾಟರಿ ಮಷೀನುಗಳ ಜೊತೆ ಹುಟ್ಟಿದ್ದಲ್ಲ. ಇಟಲಿಯ ಪಾದುವಾದಲ್ಲಿ ಪಾಠ ಹೇಳುತ್ತಿದ್ದ ವೈದ್ಯ ಸಾಂತೋರಿಯೊ ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕೂತು ಉಣ್ಣುತ್ತ, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ತೂಗುತ್ತ ಸುಮಾರು 30 ವರ್ಷ ಕಳೆದ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗದೆ, ಕಣ್ಣಿಗೆ ಕಾಣದಂತೆ ಮೈಯಿಂದ ಏನೋ ಆವಿಯಾಗಿ ಹೋಗುತ್ತದೆ ಎಂದು 1614ರಲ್ಲಿ ಪುಸ್ತಕ ಬರೆದ. ಅವನು ನಂಬಿದ್ದು ಒಂದು ದಿನದ ತೂಕವನ್ನಲ್ಲ, ಸಾವಿರಾರು ದಿನಗಳ ತೂಕವನ್ನು. (ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯದ ಹತ್ತಿರ ಅರಸರ ತುಲಾಭಾರದ ಕಲ್ಲಿನ ಕಂಬಗಳು ಇಂದಿಗೂ ನಿಂತಿವೆ. ಅರಸನ ತೂಕದಷ್ಟು ಚಿನ್ನ ದಾನ ಪಡೆಯುವವರಿಗೆ ಅರಸ ಮೈ ಇಳಿಸುವುದು ಖಂಡಿತ ಬೇಕಿರಲಿಲ್ಲ.)

ದಿನವೂ ತೂಗಿ ಎನ್ನುವವರ ಕೈಯಲ್ಲಿರುವ ಹೆಸರಾಂತ ಸಾಕ್ಷಿ ಅಮೆರಿಕದ ರಾಷ್ಟ್ರೀಯ ತೂಕ ನಿಯಂತ್ರಣ ನೋಂದಣಿ. 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಆರಂಭಿಸಿದ ಈ ಪಟ್ಟಿಗೆ ಸೇರಲು ಕನಿಷ್ಠ 13.6 ಕಿಲೋ ಇಳಿಸಿ, ಒಂದು ವರ್ಷ ಅದನ್ನು ಉಳಿಸಿಕೊಂಡಿರಬೇಕು. ಅಲ್ಲಿರುವವರಲ್ಲಿ ನೂರಕ್ಕೆ 75 ಮಂದಿ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಇದು ಗೆದ್ದವರ ಪಟ್ಟಿ. ದಿನವೂ ತೂಗಿಯೂ ಸೋತವರು ಎಷ್ಟು ಜನ ಎಂಬುದು ಇದರಲ್ಲಿಲ್ಲ. ರ‍್ಯಾಂಕ್ ಬಂದವರೆಲ್ಲ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದರು ಎಂಬ ಸುದ್ದಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ.

ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗಗಳು ಹೆಚ್ಚು ನಂಬಿಕೆಗೆ ಅರ್ಹ. 2006ರಲ್ಲಿ ಪ್ರಕಟವಾದ ವಿಂಗ್ ಅವರದೇ ಪ್ರಯೋಗದಲ್ಲಿ ಆಗಲೇ ತೂಕ ಇಳಿಸಿದ್ದ 314 ಜನರಿದ್ದರು. ಒಂದು ಗುಂಪಿಗೆ ಬರೀ ಪತ್ರಿಕೆಯ ಮೂಲಕ ಸಲಹೆ. ಉಳಿದ ಎರಡು ಗುಂಪುಗಳಿಗೆ ತೂಕದ ಮೇಲೆ ಕಣ್ಣಿಡುವುದನ್ನೂ, ಅಂಕಿ ಏರಿದ ಕೂಡಲೇ ಏನು ಮಾಡಬೇಕು ಎಂಬುದನ್ನೂ ಕಲಿಸಲಾಯಿತು. ಹದಿನೆಂಟು ತಿಂಗಳ ಹೊತ್ತಿಗೆ ಪತ್ರಿಕೆ ಗುಂಪಿನಲ್ಲಿ ನೂರಕ್ಕೆ 72 ಮಂದಿ 2.3 ಕಿಲೋ ಅಥವಾ ಹೆಚ್ಚು ಮರಳಿ ಏರಿಸಿಕೊಂಡಿದ್ದರು. ಕಲಿಸಲಾದ ಆ ಎರಡರಲ್ಲಿ ಮುಖಾಮುಖಿ ಕಲಿತ ಗುಂಪಿನಲ್ಲಿ ಹಾಗಾದವರು ನೂರಕ್ಕೆ 46ರಷ್ಟು ಮಾತ್ರ. ದಿನವೂ ತೂಗಿಕೊಂಡವರಿಗೆ ಅಪಾಯ ಇನ್ನೂ ಕಡಿಮೆ ಇತ್ತು, ಅದೂ ಕಲಿತ ಗುಂಪುಗಳಲ್ಲಿ.

2013ರಲ್ಲಿ ಪ್ರಕಟವಾದ ಡೋರಿ ಸ್ಟೈನ್‌ಬರ್ಗ್ ತಂಡದ ಪ್ರಯೋಗದ ಫಲಿತಾಂಶ ಇನ್ನೂ ಬೆರಗಿನದು. 91 ಜನ, ಆರು ತಿಂಗಳು. ದಿನವೂ ತೂಗಿಕೊಂಡವರ ತೂಕ ಶೇ 6.5ರಷ್ಟು ಇಳಿಯಿತು, ಉಳಿದವರದು ಅರ್ಧ ಪರ್ಸೆಂಟೂ ಇಳಿಯಲಿಲ್ಲ. ಆದರೆ ಇಳಿದವರಿಗೆ ಸಿಕ್ಕಿದ್ದು ಬರೀ ಮಷೀನಲ್ಲ. ವಾರವಾರವೂ ಇಮೇಲ್ ಪಾಠ ಮತ್ತು ಅವರವರ ಅಂಕಿಗೆ ತಕ್ಕ ಸಲಹೆ. ಶ್ರೇಯಸ್ಸು ಮಷೀನಿಗೋ ಪತ್ರಕ್ಕೋ? ಬ್ರಿಟನ್ನಿನ ಕ್ಲೇರ್ ಮ್ಯಾಡಿಗನ್ ಮತ್ತು ಸಂಗಡಿಗರು 2015ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ತೂಗಿಕೊಳ್ಳುವುದೊಂದನ್ನೇ ನೆಚ್ಚಿದರೆ ಸಿಕ್ಕ ಲಾಭ ಅರ್ಧ ಕಿಲೋ, ಅದೂ ಆಕಸ್ಮಿಕವಿರಬಹುದಾದಷ್ಟು ಸಣ್ಣದು. ಊಟ, ವ್ಯಾಯಾಮ, ಕೇಳುವವರೊಬ್ಬರು ಇರುವ ಕಾರ್ಯಕ್ರಮದಲ್ಲಿ ತೂಕ ನೋಡುವುದೂ ಸೇರಿದಾಗ ಮಾತ್ರ ಫಲ ಎದ್ದು ಕಂಡಿತು. ಮಷೀನು ಕೊಂಡುತಂದು ಊಟವನ್ನು ಹಾಗೇ ಉಳಿಸಿಕೊಂಡವರಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಹಬ್ಬದ ಹೊತ್ತಿನಲ್ಲಿ ಮಾತ್ರ ಮಷೀನಿಗೆ ಒಂದು ಸ್ಪಷ್ಟ ಕೆಲಸವಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ 272 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಿಸ್‌ಮಸ್ ಸುತ್ತಮುತ್ತ ವಾರಕ್ಕೆ ಎರಡು ಬಾರಿಯಾದರೂ ತೂಗಿಕೊಂಡು ಒಂದಿಷ್ಟು ಸರಳ ಸಲಹೆ ಪಡೆದವರು, ಸುಮ್ಮನಿದ್ದವರಿಗಿಂತ ಸರಾಸರಿ ಅರ್ಧ ಕಿಲೋ ಹಗುರವಾಗಿ ಹಬ್ಬ ಮುಗಿಸಿದರು. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಮದುವೆ ಮನೆಯಿಂದ ಬಂದ ವಾರ ಮಷೀನು ಮಂಚದ ಕೆಳಗೆ ಸೇರುತ್ತದೆ. ಹೊರಗೆ ಬರುವುದು ಉಪವಾಸದ ಮರುದಿನ. ಪಾರ್ಕಿನ ಗೇಟಿನ ಬಳಿ ಮಷೀನಿಟ್ಟು ಕೂತವನ ಮುಂದೆ ಐದು ರೂಪಾಯಿ ಕೊಟ್ಟು, ಶೂ ಬಿಚ್ಚದೆ, ಅದೂ ಇಡ್ಲಿ ತಿಂದು ಬಂದು ತೂಗಿಕೊಳ್ಳುವುದರಿಂದ ತಿಳಿಯುವುದು ಏನೂ ಇಲ್ಲ. ಅದಕ್ಕಿಂತ ಹಿಂದೆ ರೈಲ್ವೆ ಸ್ಟೇಷನ್ನಿನ ಬಣ್ಣದ ದೀಪಗಳ ಮಷೀನು ವಾಸಿ. ಅದು ತೂಕದ ಚೀಟಿಯ ಹಿಂದೆ ಭವಿಷ್ಯವನ್ನಾದರೂ ಹೇಳುತ್ತಿತ್ತು.

ಮಷೀನನ್ನು ಆಚೆ ಹಾಕಿ ಎನ್ನುವವರನ್ನೂ ಹಗುರವಾಗಿ ಕಾಣುವಂತಿಲ್ಲ. ಅಮೆರಿಕದ ಮಿನೆಸೋಟದಲ್ಲಿ ಸುಮಾರು 1,900 ಹದಿಹರೆಯದವರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ತೂಗಿಕೊಳ್ಳುವುದು ಹೆಚ್ಚಿದ ಹುಡುಗಿಯರಲ್ಲಿ ತೂಕದ ಚಿಂತೆ, ಖಿನ್ನತೆ ಹೆಚ್ಚಿದ್ದೂ ತಮ್ಮ ಬಗೆಗಿನ ಗೌರವ ಕುಗ್ಗಿದ್ದೂ ಕಂಡಿತು. ಯಾವುದರಿಂದ ಯಾವುದು ಎಂದು ಅದರಿಂದ ತೀರ್ಮಾನಿಸಲಾಗದು. ಬೇಸರವೇ ಅವರನ್ನು ಮಷೀನಿನ ಮೇಲೆ ನಿಲ್ಲಿಸಿರಬಹುದು. ಹಾಗಿದ್ದರೂ ಊಟದ ಬಗ್ಗೆ ಭಯ ಬೆಳೆಸಿಕೊಂಡವರಿಗೆ, ಅಂಕಿ ನೋಡಿ ಊಟ ಬಿಡುವವರಿಗೆ, ಬೆಳೆಯುವ ಮಕ್ಕಳಿಗೆ ದಿನದ ತೂಕ ಬೇಡ. ಈ ಮಾತಿನಲ್ಲಿ ರಾಜಿಯಿಲ್ಲ. ಉಳಿದವರು ತೂಗುವುದಾದರೆ ದಿನವೂ ತೂಗಬೇಕು: ಎದ್ದು ಶೌಚಕ್ಕೆ ಹೋಗಿಬಂದು, ಕಾಫಿಗೆ ಮೊದಲು, ಒಂದೇ ಮಷೀನಿನಲ್ಲಿ. ಆ ದಿನದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದು ಮರೆತುಬಿಡಬೇಕು. ಏಳು ದಿನದ ಸರಾಸರಿಯನ್ನು ಹಿಂದಿನ ವಾರದ್ದರೊಡನೆ ಹೋಲಿಸಬೇಕು. ದಿನದ ಅಂಕಿಗೆ ಮನಸ್ಸು ಕೆಡುವವರಿಗೆ ವಾರಕ್ಕೊಂದು ಗೊತ್ತಾದ ದಿನ ಇರಲಿ. ವಾರಾಂತ್ಯದಲ್ಲಿ ತೂಕ ಏರಿ ಮಿಕ್ಕ ದಿನಗಳಲ್ಲಿ ಇಳಿಯುವುದನ್ನು ಫಿನ್ಲೆಂಡಿನ ಸಂಶೋಧಕರು ದಾಖಲಿಸಿದ್ದಾರೆ. ಸೋಮವಾರ ಒಂದು ವಾರ, ಶುಕ್ರವಾರ ಇನ್ನೊಂದು ವಾರ ಎಂದು ತೂಗಿದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನಮ್ಮವರ ಮಟ್ಟಿಗೆ ಮಷೀನಿಗೆ ಒಂದು ದೊಡ್ಡ ಕುರುಡಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿಸಿ ಇದನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1. ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿಗೆ ಇಬ್ಬರೂ ಒಂದೇ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎನ್ನುವ ಮೈಕಟ್ಟು ನಮ್ಮ ಯಾವ ಬಸ್‌ಸ್ಟ್ಯಾಂಡಿನಲ್ಲೂ ಕಾಣುವಂಥದ್ದು. ಸಕ್ಕರೆ ಕಾಯಿಲೆಗೆ ದಾರಿ ಮಾಡುವುದೂ ಮುಖ್ಯವಾಗಿ ಆ ಹೊಟ್ಟೆಯ ಕೊಬ್ಬೇ. ವಾಕಿಂಗ್ ಜೊತೆಗೆ ಭಾರ ಎತ್ತುವ ವ್ಯಾಯಾಮವನ್ನೂ ಆರಂಭಿಸಿದವರಲ್ಲಿ ಸೊಂಟ ಕರಗಿ ಸ್ನಾಯು ಬೆಳೆದು ತೂಕ ಅಲ್ಲಾಡದೇ ಇರಬಹುದು. ಮಷೀನನ್ನಷ್ಟೇ ನಂಬಿದವರು ಆಗಲೇ ಬೇಸತ್ತು ಕೈಬಿಡುವುದು.

ಆದ್ದರಿಂದ ಮಷೀನಿನ ಪಕ್ಕದಲ್ಲಿ ದರ್ಜಿಯ ಟೇಪೊಂದು ಇರಲಿ, ತಿಂಗಳಿಗೊಮ್ಮೆ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಓದಬೇಕು. ಭಾರತೀಯರಿಗೆ ವೈದ್ಯರು ಹಾಕಿರುವ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅಳೆಯುವಾಗ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬಾರದು.